ಜಗಲಿಯ ದೀಪಕ್ಕೊಂದು ಡಬ್ಬಿ

ಬೆಂಗೇರಿಯ ದೊಡ್ಡವ್ವನಿಗೆ, ಅಂದರೆ ನನ್ನ ತಾಯಿಯ ಅಕ್ಕನಿಗೆ, ಕಣ್ಣು ಪೂರ್ತಿ ಹೋದಮೇಲೆ ಉಳಿದದ್ದು ಒಂದೇ ಚಿಂತೆ: ದೇವರ ಜಗಲಿಯ ಮೇಲಿನ ನಂದಾದೀಪ. ಅವಳ ಅತ್ತೆ ಸಾಯುವಾಗ ಕೈಗೊಪ್ಪಿಸಿ ಹೋದ ದೀಪ ಅದು. ಅಂದಿನಿಂದ ಒಮ್ಮೆಯೂ ಆರಿಲ್ಲ ಎಂಬುದೇ ಅವಳ ಹೆಮ್ಮೆ. ಬೇರೆ ಹೆಮ್ಮೆಗಳನ್ನು ಪಾಪ ಅವಳಿಗೆ ಯಾರು ಕೊಟ್ಟಿದ್ದರು? ಕೋಣೆಯ ಮಂಚದ ಮೇಲೆ ಕೂತಲ್ಲಿಂದಲೇ ತಾಸಿಗೊಮ್ಮೆ ಸೊಸೆಯನ್ನು ಕೂಗುತ್ತಿದ್ದಳು.

"ದೀಪ ಐತೇನು?"

"ಉರ್ಯಾಕತ್ತೈತ್ರಿ ಅತ್ತಿ."

ಆ ಸೊಸೆ, ನನಗೆ ವೈನಿ ಅಂದರೆ ಅತ್ತಿಗೆ, ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಓಣಿಯವರ ಜಂಪರ್ ಹೊಲಿಯುತ್ತಿದ್ದರು. ಮಷೀನು ತುಳಿಯುತ್ತಲೇ ಉತ್ತರ ಕೊಡುವರು. ಅಲ್ಲಿಂದ ಮಾತು ಎಣ್ಣೆಯ ರೇಟಿಗೆ, ರಾತ್ರಿಯ ಪಲ್ಯಕ್ಕೆ, ಓಣಿಯ ಸುದ್ದಿಗೆ ಹೊರಳುತ್ತಿತ್ತು.

ಹೊಸ ಶತಮಾನದ ಮೊದಲ ವರ್ಷಗಳು. ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ರವಿವಾರ ಮಾಳಮಡ್ಡಿಯ ನನ್ನ ಮನೆಯಿಂದ ಬಸ್ಸು ಹಿಡಿದು ದೊಡ್ಡವ್ವನನ್ನು ನೋಡಲು ಹೋಗುವುದು ರೂಢಿ. ಒಮ್ಮೆ ಅವಳೇ ಹೇಳಿದಳು: "ಘಳಿಗಿಗೊಮ್ಮೆ ಕೇಳಾಕ ನನಗೂ ಬ್ಯಾಸರ ಮಗಳ, ಹೇಳಾಕ ಆಕಿಗೂ ಬ್ಯಾಸರ. ನೀ ಇಷ್ಟ ಕಲ್ತೀ, ಏನರ ಮಾಡಿಕೊಡು."

ನನಗೆ ಅಷ್ಟು ಸಾಕಾಯಿತು. ದೀಪದ ಎದುರು ಸಣ್ಣ ಕೊಳವೆಯೊಳಗೆ ಒಂದು ಫೋಟೋಡಯೋಡ್ ಇಟ್ಟೆ. ಬೆಳಕು ಬಿದ್ದರೆ ಅದರಲ್ಲಿ ಅತಿ ಸಣ್ಣ ವಿದ್ಯುತ್ತು ಹರಿಯುತ್ತದೆ. ಅಲ್ಲಿಂದ ಉದ್ದದ ವೈರು ಎಳೆದು ದೊಡ್ಡವ್ವನ ಮಂಚದ ಪಕ್ಕದ ಡಬ್ಬಿಗೆ ಕೂಡಿಸಿದೆ. ಆ ಸಣ್ಣ ವಿದ್ಯುತ್ತನ್ನು ದೊಡ್ಡ ವೋಲ್ಟೇಜಾಗಿ ಮಾಡುವ ಟ್ರಾನ್ಸ್‌ಇಂಪೀಡೆನ್ಸ್ ಆಂಪ್ಲಿಫೈಯರ್ ಡಬ್ಬಿಯೊಳಗಿತ್ತು. ದೀಪ ಆರಿದರೆ ವೋಲ್ಟೇಜ್ ಇಳಿದು ಬಝರ್ ಕೂಗಬೇಕು.

ಕೂಗಿತು. ದೀಪ ಉರಿಯುತ್ತಿದ್ದಾಗಲೂ ಕೂಗಿತು. "ಆ ಡಬ್ಬಿ ಸುಮ್ಮಸುಮ್ಮನ ಒದರತೈತ್ರಿ ಅತ್ತಿ, ದೀಪ ಛಲೋ ಉರ್ಯಾಕತ್ತೈತಿ" ಎಂದು ವೈನಿ ಕೂತಲ್ಲಿಂದಲೇ ಹೇಳುವರು. ದೊಡ್ಡವ್ವ ನನ್ನನ್ನು ಕಾಡಿಸಿದಳು. "ಡಬ್ಬಿ ಥೇಟ್ ನಿನ್ನಂಗ ಐತಿ ಬಿಡು. ಸಣ್ಣಾಕಿದ್ದಾಗ ಹಸಿವಿ ಇಲ್ಲದಿದ್ರೂ ಅಳತಿದ್ದಿ."

ನಗುವ ಮಾತೇ. ನನಗೆ ಮಾತ್ರ ಮೈ ಉರಿಯಿತು. ಹುಡುಗರಿಗೆ ಆಂಪ್ಲಿಫೈಯರ್ ಪಾಠ ಹೇಳುವವಳು ಮಾಡಿದ ಡಬ್ಬಿ ಸುಳ್ಳು ಹೇಳುವುದೆಂದರೇನು?

ಕಾಲೇಜಿನ ಕಂಪ್ಯೂಟರಿನಲ್ಲಿ ಸರ್ಕ್ಯೂಟು ಬರೆದು ಸಿಮ್ಯುಲೇಶನ್ ಓಡಿಸಿದೆ. ಪರದೆಯ ಮೇಲೆ ಫ್ರೀಕ್ವೆನ್ಸಿಯ ಗೆರೆ ನೆಟ್ಟಗೆ ಹೋಗಿ ಮೆಲ್ಲಗೆ ಇಳಿಯಿತು. ತಪ್ಪು ಹುಡುಕಲು ಏನೂ ಇಲ್ಲ. ನಾನು ವೈರನ್ನೇ ಮರೆತಿದ್ದೆ. ಅಷ್ಟುದ್ದದ ವೈರು ತಾನೇ ಒಂದು ಕೆಪಾಸಿಟರ್ ಇದ್ದಂತೆ. ಅದನ್ನೂ ಲೆಕ್ಕಕ್ಕೆ ಸೇರಿಸಿದಾಗ ಗೆರೆ ಇಳಿಯುವ ಮುನ್ನ ಒಂಟೆಯ ಡುಬ್ಬದ ಹಾಗೆ ಎದ್ದುನಿಂತಿತು. ಸರ್ಕ್ಯೂಟನ್ನು ಸ್ಥಿರವಾಗಿಡುವ ಫೇಸ್ ಮಾರ್ಜಿನ್ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಯಾರೂ ಮುಟ್ಟದೆಯೇ ಸರ್ಕ್ಯೂಟು ತಾನಾಗಿ ತೂಗಾಡಲು, ವೋಲ್ಟೇಜ್ ಇಳಿಸಿ ಬಝರ್ ಕೂಗಿಸಲು ತಯಾರಾಗಿತ್ತು. ಫೀಡ್‌ಬ್ಯಾಕ್ ರೆಸಿಸ್ಟರಿಗೆ ಅಡ್ಡಲಾಗಿ ಒಂದು ಚಿಕ್ಕ ಕೆಪಾಸಿಟರ್ ಹಾಕಿ, ಅದರ ಅಳತೆ ಬದಲಿಸುತ್ತ ಹೋದೆ. ಡುಬ್ಬ ಕರಗಿತು. ಖುಷಿಗೆ ಲ್ಯಾಬಿನಲ್ಲಿದ್ದವರಿಗೆಲ್ಲ ಚಹಾ ತರಿಸಿದೆ.

ಕೆಪಾಸಿಟರ್ ಬೆಸೆದು ಕೂಡಿಸಿದ ರವಿವಾರ ಡಬ್ಬಿ ಮಧ್ಯಾಹ್ನದವರೆಗೂ ಪಿಟ್ಟೆನ್ನಲಿಲ್ಲ. ಊಟವಾಗಿ ದೊಡ್ಡವ್ವನ ಮಗ್ಗುಲಲ್ಲಿ ಕೂತಿದ್ದಾಗ ಕೂಗಿತು.

"ಮತ್ತ ಒದರಾಕತ್ತಿತ್ರಿ ಅತ್ತಿ, ದೀಪ ಐತಿ" ಎಂದರು ವೈನಿ, ಮಷೀನು ತುಳಿಯುತ್ತಲೇ.

"ಇಲ್ಲ ವೈನಿ, ಈಗ ಅದು ಸುಳ್ಳ ಹೇಳಂಗಿಲ್ಲ" ಎಂದೆ. ಆ ದನಿಯಲ್ಲಿ ಜಂಬವಿತ್ತು.

ಎದ್ದು ಹೋಗಿ ನೋಡಿದೆ. ದೀಪ ಆರಿತ್ತು. ಬತ್ತಿಯಿಂದ ಇನ್ನೂ ಹೊಗೆ ಏಳುತ್ತಿತ್ತು. ಮಷೀನು ನಿಂತಿತು. ವೈನಿ ಬಾಗಿಲಿಗೆ ಬಂದು ಹೇಳಬೇಡ ಎನ್ನುವಂತೆ ನನ್ನ ಮುಖ ನೋಡಿದರು. ಆದರೆ ಮಷೀನು ನಿಂತದ್ದೇ ದೊಡ್ಡವ್ವನಿಗೆ ಉತ್ತರವಾಗಿಹೋಯಿತು.

"ಮೊದಲೂ ಆರತಿತ್ತೇನು?" ಅವಳು ಕೇಳಿದ್ದು ಸೊಸೆಯನ್ನು.

"ಆರತಿತ್ರಿ ಅತ್ತಿ. ಗಾಳಿ ಬೀಸಿದ್ರ, ಎಣ್ಣಿ ಮುಗದ್ರ. ನೋಡಿದ ಕೂಡ್ಲೆ ಹಚ್ಚತಿದ್ನಿ. ನಿಮ್ಮ ಜೀವಕ್ಕ ಯಾಕ ತ್ರಾಸು ಅಂತ..." ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ದೊಡ್ಡವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರುದಿನದಿಂದ ಎಲ್ಲರ ಮನೆಯಂತೆ ಮುಂಜಾನೆ, ಸಂಜೆ ದೀಪ ಹಚ್ಚಿದರೆ ಸಾಕು ಎಂದಳಂತೆ.

ಮುಂದಿನ ಸಲ ಹೋದಾಗ ಆ ಮನೆಯಲ್ಲಿ ಹೊಲಿಗೆ ಮಷೀನಿನ ಸದ್ದು ಬಿಟ್ಟರೆ ಬೇರೆ ದನಿಯಿರಲಿಲ್ಲ. ಕೆಪಾಸಿಟರ್ ಕಿತ್ತೊಗೆದರೆ ಡಬ್ಬಿ ಮೊದಲಿನ ಹಾಗೆ ಸುಳ್ಳು ಕೂಗುತ್ತದಲ್ಲ ಎಂಬ ಹುಚ್ಚು ವಿಚಾರವೂ ಬಂತು. ಆದರೆ ಆ ಸುಳ್ಳಿನ ಮರೆಯಲ್ಲಿ ವೈನಿ ದೀಪ ಐತಿ ಎಂದರೆ ದೊಡ್ಡವ್ವ ಇನ್ನು ನಂಬುತ್ತಿದ್ದಳೇ? ಅಷ್ಟರಲ್ಲಿ ದೊಡ್ಡವ್ವ ಮಂಚದ ಪಕ್ಕ ತಡವಿ, ಡಬ್ಬಿಯನ್ನು ಎತ್ತಿ ನನ್ನ ಉಡಿಯಲ್ಲಿ ಇಟ್ಟಳು.

"ತಗೊಂಡು ಹೋಗು ಮಗಳ, ನಿಂದೇನೂ ತಪ್ಪಿಲ್ಲ. ದೀಪ ಆರಿದ್ದಕ್ಕ ದೇವರು ನನ್ನ ಏನೂ ಅನ್ನಂಗಿಲ್ಲ. ಅದರ ನೆವದಾಗ ದಿನಾ ಆಕೀನ ಕರೀತಿದ್ನಿ. ಈಗ ಏನಂತ ಕರೀಲಿ?"