ತಂಪು ಪೆಟ್ಟಿಗೆಯ ಮೂರನೆಯ ತಟ್ಟೆ

ಜನವರಿ ಹದಿನಾರು, ಸಂಕ್ರಾಂತಿಯ ಮರುದಿನ. ನನ್ನ ನಿವೃತ್ತಿಗೆ ಎರಡು ವರ್ಷ ಮೊದಲು. ಆಧಾರ: ಪ್ರಯೋಗಾಲಯದಲ್ಲಿ ನಾನೇ ಬರೆದಿಟ್ಟ ದಿನಚರಿ, ಪಂಚಾಂಗದೊಡನೆ ತಾಳೆ ನೋಡಿದ್ದು. ಅಂದಿನವರೆಗೆ ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗುತ್ತಿದ್ದೆ.

ನನ್ನ ಸಂಶೋಧನೆ ಅಡ್ರಿನಲ್ ಗ್ರಂಥಿಯ ಕೋಶಗಳ ಮೇಲೆ. ದೇಹಕ್ಕೆ ಚಳಿ ತಗಲಿದಾಗ ಮೆದುಳು ಈ ಗ್ರಂಥಿಗೆ ಕರೆ ಕಳಿಸುತ್ತದೆ; ಗ್ರಂಥಿಯು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸುರಿಸಿ ಜೀವ ಕಾಯುತ್ತದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಹಾಗೆ ಕರೆಯುವವರಿಲ್ಲ. ತಂಪಿನಲ್ಲಿಟ್ಟರೆ ಅವು ಹಾರ್ಮೋನಿನ ತಯಾರಿಯನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತವೆ.

ಶಿಕಾರಿಪುರದ ನಮ್ಮ ಮನೆಯಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಸೊರಬ ತಾಲ್ಲೂಕಿನ ಜಡೆ. ಅಲ್ಲಿದ್ದ ನನ್ನ ಅಕ್ಕನಿಗೆ ಇದೇ ಗ್ರಂಥಿ ಬತ್ತಿಹೋಗಿತ್ತು. ದಿನವೂ ಮಾತ್ರೆ ನುಂಗಬೇಕು. ಜ್ವರ ಬಂದಾಗ ಪ್ರಮಾಣ ಹೆಚ್ಚಿಸದಿದ್ದರೆ ಪ್ರಾಣಕ್ಕೇ ಅಪಾಯ. ಅವಳು ಫೋನಿನಲ್ಲಿ ಛೇಡಿಸುತ್ತಿದ್ದಳು: "ನನ್ ಮೈಯಲ್ಲಿ ಇಲ್ದಿದ್ದನ್ನ ನಿನ್ ತಟ್ಟೇಲಿ ಬೆಳೀತೀಯಲ್ಲೋ ಮಾರಾಯ, ನಂಗೂ ಒಂದು ಬೊಗಸೆ ಕಳ್ಸು!"

ಆ ದಿನ ತಂಪು ಪೆಟ್ಟಿಗೆಯ ಮೂರನೆಯ ತಟ್ಟೆಯ ಕೋಶಗಳು ಬೆಚ್ಚಗಿಟ್ಟ ಕೋಶಗಳಿಗಿಂತಲೂ ಹೆಚ್ಚು ಹಾರ್ಮೋನು ಸುರಿಸಿದ್ದವು. ಮತ್ತೆ ಅಳೆದೆ, ಅದೇ ಫಲ. "ಇವಕ್ಕೆ ಚಳಿ ಹತ್ತಿಲ್ಲೇನ್ರೀ ಸರ? ಯಾರಾದ್ರೂ ಕಂಬಳಿ ಹೊದಿಸ್ಯಾರೇನು?" ಎಂದು ಸಹಾಯಕಿ ನಕ್ಕಳು. ನನಗೆ ಮಾತ್ರ ಒಮ್ಮೆಲೇ ಅಕ್ಕನ ನೆನಪು ಬಂದು, ಬೆಚ್ಚಗಿನ ಆ ಕೋಣೆಯಲ್ಲೂ ಮೈ ನಡುಗಿತು. ಫೋನ್ ಮಾಡಬೇಕೆನಿಸಿತು. ಮಾಡಲಿಲ್ಲ. 'ಮಾಪನದ ದೋಷ' ಎಂದು ಬರೆದು ತಟ್ಟೆಯನ್ನು ಎಸೆದೆ.

ಅಂದೇ ಸಂಜೆ, ಮನೆಯ ಮೆಟ್ಟಿಲು ಹತ್ತುವಾಗ, ಭಾವನ ಫೋನ್ ಬಂದುದಾಗಿ ನನ್ನ ನೆನಪು. "ನಿಮ್ಮಕ್ಕ ಹೋಗಿಬಿಟ್ಲು ಕಣಪ್ಪ. ಜ್ವರ ಅಂತ ಮಲಗಿದ್ಲು, ಆಸ್ಪತ್ರೆಗೆ ಸೇರಿಸೋದು ತಡ ಆಯ್ತು. ನಿಂಗೆ ಹೇಳ್ತೀನಿ ಅಂದ್ರೆ, ಹಬ್ಬದ ಹೊತ್ತಲ್ಲಿ ಗಾಬ್ರಿ ಮಾಡ್ಬೇಡಿ ಅಂದ್ಲು."

ನಿವೃತ್ತನಾಗುವವರೆಗೂ ಆ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದೆ. ತಂಪಿನ ಕೋಶಗಳು ಇನ್ನೊಮ್ಮೆ ಹಾಗೆ ವರ್ತಿಸಲಿಲ್ಲ. ಕಾರಣವನ್ನು ನಾನು ಇಂದಿಗೂ ಹೇಳಲಾರೆ. ಅಕ್ಕ ಹೊರಡುತ್ತ ನನಗೆ ತಿಳಿಸಿ ಹೋದಳೆಂದು ನಂಬಿ, ಹೇಗೋ ಸಮಾಧಾನ ತಂದುಕೊಂಡಿದ್ದೆ.

ನಮ್ಮಲ್ಲಿ ವರ್ಷದ ಎಡೆ ಇಡುವುದು ತಿಥಿ ನೋಡಿ. ತಾರೀಖನ್ನು ಯಾರೂ ಕೇಳುವುದಿಲ್ಲ. ಕಳೆದ ತಿಂಗಳು, ಅಕ್ಕನ ಹೆಸರಿನ ಗದ್ದೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆಂದು ತೆಗೆಸಿದ ಮರಣ ಪ್ರಮಾಣಪತ್ರವನ್ನು ಭಾವ ನನಗೆ ತೋರಿಸಿದರು. ಅದರಲ್ಲಿ ಜನವರಿ ಹದಿನೇಳು ಎಂದಿದೆ. ಆಸ್ಪತ್ರೆಯ ದಾಖಲೆಯನ್ನೂ ನೋಡಿಬಂದೆ: ಹದಿನೇಳು, ಸಂಜೆ. ನಾನು ತಟ್ಟೆ ಎಸೆದ ಮೇಲೆ ಅಕ್ಕ ಒಂದು ರಾತ್ರಿ, ಒಂದು ಹಗಲು ಬದುಕಿದ್ದಳು.

ಆ ಹಗಲು ನನ್ನ ನೆನಪಿನಲ್ಲೇ ಇಲ್ಲ.