ಕಾಕಾರ ಬಲಗಾಲು

ಸಿಂದಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹತ್ತಿ ವ್ಯಾಪಾರಿ ಕಾಕಾರ ಬಲಗಾಲು ಎಂದೂ ಸುಮ್ಮನಿರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗಲೂ ಪಾದ ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಕಾರಿನ ಬ್ರೇಕನ್ನೂ ಅವರು ಹಾಗೆಯೇ ಹಾಕುತ್ತಿದ್ದರು. "ಗಾಲಿ ತಿರುಗಿದ್ರ ಮಾತ್ರ ಕಾರು ಮಾತು ಕೇಳತೈತಿ" ಎನ್ನುವರು.

ಎಪ್ಪತ್ತರ ದಶಕದ ಮಾತು. ಬಜಾರ ಸುತ್ತಿ ಬಂದಷ್ಟಕ್ಕೇ ಡ್ರೈವರ್ ಆದೆನೆಂದುಕೊಂಡಿದ್ದ ನಾನು, ಅಕಾಲದಲ್ಲಿ ಅಡ್ಡಮಳೆ ಬಿದ್ದ ಮೋರಟಗಿ ದಾರಿಯಲ್ಲಿ ಅವರ ಕಾರು ಓಡಿಸುತ್ತಿದ್ದೆ. ಕಾಕಾ ಪಕ್ಕದಲ್ಲಿದ್ದರು. ಎದುರಿಗೆ ಕುರಿಹಿಂಡು ಬಂತು. ಮೈಭಾರವೆಲ್ಲ ಹಾಕಿ ಬ್ರೇಕ್ ತುಳಿದೆ. ಗಾಲಿಗಳು ನಿಂತವು, ಕಾರು ನಿಲ್ಲಲಿಲ್ಲ. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರೂ ಎರೆಮಣ್ಣಿನ ರಾಡಿಯಲ್ಲಿ ನೇರ ಕುರಿಗಳ ಕಡೆಗೇ ಜಾರಿತು.

"ಕಾಲು ತಗಿಯೋ!" ಎಂದವರೇ ಕಾಕಾ ನನ್ನ ಮೊಣಕಾಲು ಹಿಡಿದೆತ್ತಿದರು. ಗಾಲಿಗಳು ತಿರುಗಿದ್ದೇ ತಡ, ಕಾರು ಸಟಕ್ಕನೆ ಎಡಕ್ಕೆ ಹೊರಳಿ ಜೋಳದ ಹೊಲಕ್ಕೆ ನುಗ್ಗಿತು. ಕುರಿಗಳು ಉಳಿದವು.

ಕಿಟಕಿಯೊಳಗೆ ಬಂದ ತೆನೆಯನ್ನು ಸರಿಸುತ್ತ ಕಾಕಾ ಹೇಳಿದರು: "ನೋಡು, ನೀ ಹೇಳಿದಲ್ಲಿಗೇ ಬಂತು. ಇನ್ಮ್ಯಾಲ ವಿಚಾರ ಮಾಡಿ ಹೇಳು."

ಈಗಿನ ನನ್ನ ಕಾರಿನಲ್ಲಿ ಗಾಬರಿಯಿಂದ ಬ್ರೇಕ್ ತುಳಿದರೆ ಬ್ರೇಕ್ ತಾನೇ ಹಿಡಿದು ಬಿಟ್ಟು ಮಾಡುತ್ತದೆ, ಪೆಡಲ್ಲೇ ಪಾದದಡಿ ಪಟಪಟ ಮಿಡಿಯುತ್ತದೆ. ನನ್ನ ವಿಷಯ ಕಂಪನಿಯವರಿಗೂ ತಿಳಿದಿರಬೇಕು. ಕಾಕಾರ ಬಲಗಾಲನ್ನೇ ಒಳಗೆ ಕೂರಿಸಿ ಕಳಿಸಿದ್ದಾರೆ.