ಫೋನಿನ ಬೆನ್ನ ಮೇಲೆ ಬೆಟ್ಟದ ದಾರಿ

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಓದುವವರು ಕ್ಷಮಿಸಬೇಕು. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳಾದ್ದರಿಂದ ದೊಡ್ಡ ದೊಡ್ಡ ಮಾತುಗಳೂ ನನ್ನ ಬಳಿ ಇಲ್ಲ. ಆದರೂ ನಮ್ಮ ದೊಡ್ಡಮ್ಮನ ಬಗ್ಗೆ ಯಾರಾದರೂ ಬರೆದಿಡಬೇಕು ಅನ್ನಿಸಿತು. ಕಂಡದ್ದನ್ನು ಕಂಡ ಹಾಗೆ, ಅವಳೂ ದೊಡ್ಡಪ್ಪನೂ ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ.

ದೊಡ್ಡಮ್ಮ ಅಚ್ಚು ಕೆತ್ತುವವಳು. ಬಟ್ಟೆಗೆ ಬಣ್ಣ ಒತ್ತುವ ಮರದ ಅಚ್ಚು. ಬೀದಿಯಲ್ಲಿ ಯಾರನ್ನು ಕೇಳಿದರೂ "ಅಚ್ಚಮ್ಮನ ಮನೆಯಾ? ಅಗೋ, ಆ ನೀಲಿ ಬಾಗಿಲು" ಅನ್ನುತ್ತಾರೆ. ಮದುವೆಗೆ ಮೊದಲೇ ಉಳಿ ಹಿಡಿದವಳು ಅವಳು. ಎಲೆಯೊಂದರ ನರವನ್ನು ಕೂದಲೆಳೆಯಷ್ಟು ತೆಳ್ಳಗೆ ಬಿಡಿಸುತ್ತಿದ್ದಳು. ಈ ಕಸುಬಿನಲ್ಲಿ ಎಲ್ಲವೂ ಮಗುಚಿಯೇ ಇರಬೇಕು. ಬಟ್ಟೆಯ ಮೇಲೆ ಹೂವು ಬಲಕ್ಕೆ ಬಾಗಬೇಕಾದರೆ ಮರದಲ್ಲಿ ಅದು ಎಡಕ್ಕೆ ಬಾಗಿರಬೇಕು. ಇದು ಅವಳಿಗೆ ಉಸಿರಾಟದಷ್ಟು ಸಹಜವಾಗಿಹೋಗಿತ್ತು. ಪೇಟೆಯಲ್ಲಿ ಅಂಗಡಿಯ ಬೋರ್ಡು ಕಂಡರೂ ಮನಸ್ಸು ಅದನ್ನು ತಾನಾಗಿಯೇ ಎಡಬಲ ಮಾಡಿ ನೋಡುತ್ತಿತ್ತಂತೆ.

ಆಮೇಲೆ ಕೈನಡುಕ ಶುರುವಾಯಿತು. ಇದು ಜೀವಕ್ಕೇನೂ ಮಾಡುವುದಿಲ್ಲ, ಆದರೆ ಬಿಟ್ಟೂ ಹೋಗುವುದಿಲ್ಲ ಎಂದರು ಡಾಕ್ಟರು. ಉಳಿ ಜಾರಿ ಒಂದು ಅಚ್ಚು ಹಾಳಾಯಿತು, ಇನ್ನೊಂದು ಹಾಳಾಯಿತು. ಒಂದು ದಿನ ಅವಳು ಉಳಿಗಳಿಗೆಲ್ಲ ಎಣ್ಣೆ ಸವರಿ, ಹಳೆಯ ಬಟ್ಟೆಯಲ್ಲಿ ಸುತ್ತಿ, ಅಟ್ಟದ ಮೇಲಿಟ್ಟಳು. ಅತ್ತಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಆ ಯಂತ್ರ ಮನೆಗೆ ಬಂದದ್ದು ಅಳಿಯನ ದೆಸೆಯಿಂದ. ಹುಮ್ಮಸ್ಸಿನಲ್ಲಿ ತರಿಸಿಕೊಂಡಿದ್ದ. ಒಂದು ಮನೆಫಲಕ ಕೆತ್ತಿದ, ಅಕ್ಷರಗಳು ಇಳಿಜಾರಿನಲ್ಲಿ ಉರುಳಿದವು, ಹುಮ್ಮಸ್ಸು ಇಳಿಯಿತು.

"ಅತ್ತೆ, ನಮ್ಮನೇಲಿ ಇದು ಬರೀ ಜಾಗ ತಿನ್ತಾ ಇದೆ. ನಿಮ್ಮ ಕೆಲಸದ ಕೋಣೇಲಿ ಇಟ್ಕೊಳ್ಳಿ. ಏನೂ ಆಗ್ಲಿಲ್ಲ ಅಂದ್ರೆ ಒದ್ದೆ ಟವಲ್ ಹಾಕೋಕಾದ್ರೂ ಆಗುತ್ತೆ" ಎಂದು ಇಟ್ಟುಹೋದ.

ಹೊಲಿಗೆ ಯಂತ್ರದಷ್ಟು ಜಾಗ ಹಿಡಿಯುವ ಚೌಕಟ್ಟು, ಅದರ ನಡುವೆ ಎಡಬಲಕ್ಕೂ ಹಿಂದುಮುಂದಕ್ಕೂ ಮೇಲುಕೆಳಕ್ಕೂ ಓಡಾಡುವ ಒಂದು ತಲೆ, ಆ ತಲೆಯ ತುದಿಯಲ್ಲಿ ಗಿರ್ರನೆ ತಿರುಗುವ ಕೊರೆಮೊನೆ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಅದು ಮರದಲ್ಲಿ ಕೊರೆಯುತ್ತದೆ. ದೊಡ್ಡಮ್ಮ ಅದಕ್ಕೆ ಮೊದಲು ಹೇಳಿದ ಕೆಲಸ ಒಂದೇ ಒಂದು ಗೆರೆ. ತಲೆ ಇಳಿಯಿತು, ದುಂಬಿಯ ಹಾಗೆ ಗುಂಯ್‌ಗುಟ್ಟುತ್ತ ಸಾಗಿತು. ಬೆಳ್ಳಗಿನ ಪುಡಿ ಎರಡೂ ಬದಿಗೆ ಸರಿದು ನಡುವೆ ಗೆರೆ ಕಾಣಿಸಿತು. ನಡುಕವೇ ಇಲ್ಲದ ಗೆರೆ. ಅವಳು ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೂತುಬಿಟ್ಟಳು. ತನ್ನದೇ ಹಳೆಯ ಕೈ ಎಲ್ಲಿಂದಲೋ ತಿರುಗಿ ಬಂದ ಹಾಗಿತ್ತಂತೆ.

ಅಂದಿನಿಂದ ಅವಳು ಮರದ ಫೋನ್ ಕವಚ ಮಾಡತೊಡಗಿದಳು. ಮೊದಲು ಒಳಬದಿಯಲ್ಲಿ ಫೋನು ಕೂರುವಷ್ಟು ಗುಳಿ, ಆಮೇಲೆ ಮರ ಮಗುಚಿ ಹಾಕಿ ಬೆನ್ನ ಮೇಲೆ ಚಿತ್ತಾರ. ಮೊನೆ ಮರವನ್ನು ಮುಟ್ಟುವ ಜಾಗ ಯಾವುದೆಂದು ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ, ನಾವೇ ತೋರಿಸಬೇಕು. ಎಲ್ಲರೂ ಮೊನೆಯ ಕೆಳಗೆ ಕಾಗದದ ಚೂರು ಇಟ್ಟು, ಅದು ಯಾವಾಗ ಸಿಕ್ಕಿಕೊಳ್ಳುತ್ತದೆಂದು ಎಳೆದು ನೋಡುತ್ತಾರೆ. ದೊಡ್ಡಮ್ಮ ಎಳೆಯುವುದಿಲ್ಲ. ಅವಳ ಬೆರಳಿನಲ್ಲಿ ಕಾಗದ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಲೇ ಇರುತ್ತದೆ. ಮೊನೆ ಕೂದಲಷ್ಟು ಕೂದಲಷ್ಟೇ ಇಳಿಯುತ್ತದೆ. ಯಾವ ಕ್ಷಣ ಕಾಗದದ ನಡುಕ ನಿಲ್ಲುತ್ತದೋ ಅದೇ ಸರಿಯಾದ ಜಾಗ. ಅವಳ ಪಕ್ಕದಲ್ಲಿ ಕೂತು ನಾನೂ ಈ ಕೆಲಸ ಕಲಿಯುತ್ತಿದ್ದೇನೆ.

ಹಳೆಯ ಚಟ ಮಾತ್ರ ಬಿಡಲಿಲ್ಲ. ಬೇಕರಿಯವನಿಗೆ ಅವನ ಬೆಕ್ಕಿನ ಮುಖ, ಕೆಳಗೆ ಬೆಕ್ಕಿನ ಹೆಸರು ಕೆತ್ತಿಕೊಡಬೇಕಿತ್ತು. ಹೆಸರು ತಿರುಗುಮುರುಗಾಗಿ ಬಂತು.

"ಏನಮ್ಮಾ ಇದು, ಓದೋಕೆ ಕನ್ನಡೀನೂ ನೀವೇ ಕೊಡ್ತೀರಾ?" ಅಂದ ಅವನು.

ಚಿತ್ರವನ್ನು ಯಂತ್ರಕ್ಕೆ ಕಳಿಸುವ ಮುಂಚೆ ಅವಳ ಬೆರಳು ಅವಳಿಗೇ ತಿಳಿಯದಂತೆ ಎಡಬಲ ಮಗುಚುವ ಗುಂಡಿ ಒತ್ತಿತ್ತು. ಅಲ್ಲಿಂದ ಮುಂದೆ ಪರದೆಯ ಮೇಲಿನ ಅಕ್ಷರವನ್ನು ಬಾಯಿಬಿಟ್ಟು ಓದಿಯೇ ಯಂತ್ರ ಶುರುಮಾಡುತ್ತಿದ್ದಳು.

ಇನ್ನು ದೊಡ್ಡಪ್ಪನ ಸಂಗತಿ. ಅವನು ಬಸ್ ಡ್ರೈವರು. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯವರೆಗೂ ಬೆಟ್ಟದ ಮೇಲಿನ ಊರಿಗೆ ಹೋಗುವ ಒಂದೇ ದಾರಿ. ಈಗ ಕಣ್ಣಿನ ತುಂಬ ಮಂಜು, ಬೆಳಕು ಕತ್ತಲೆ ಬಿಟ್ಟರೆ ಇನ್ನೇನೂ ತಿಳಿಯುವುದಿಲ್ಲ. ಹೊಸಿಲು ದಾಟುವುದನ್ನೇ ಬಿಟ್ಟಿದ್ದ. ಕಿಟಕಿಯ ಪಕ್ಕದ ಕುರ್ಚಿ, ಕಿಟಕಿಯ ಕಟ್ಟೆಯ ಮೇಲೆ ಬೋರಲು ಬಿದ್ದ ಫೋನು. ಮಗಳು ಕರೆ ಮಾಡಿದರೆ ಅದು ಬಡಕೊಂಡು ಬಡಕೊಂಡು ಸುಮ್ಮನಾಗುತ್ತಿತ್ತು.

"ಎತ್ತಬಾರದೇನ್ರೀ? ಮಗು ಅಷ್ಟೊತ್ತಿಂದ ಕೂಗ್ತಾ ಇದೆ."

"ಎತ್ತಿ ಏನ್ ಮಾಡ್ಲಿ? ಸೋಪಿನ ಹಾಗೆ ಜಾರುತ್ತೆ. ಯಾವ್ದು ತಲೆ, ಯಾವ್ದು ಕಾಲು ಅಂತಾನೇ ಗೊತ್ತಾಗಲ್ಲ."

ಇವನು ಹೀಗೇ ಕೂತು ಕೂತು ಕುರ್ಚಿಯ ಜೊತೆ ಇನ್ನೊಂದು ಕುರ್ಚಿಯಾಗಿಬಿಡುತ್ತಾನೆ ಎಂಬ ಹೆದರಿಕೆ ದೊಡ್ಡಮ್ಮನನ್ನು ಒಳಗೊಳಗೇ ಕೊರೆಯುತ್ತಿತ್ತು. ಅವನ ಕೈಗೆ ಹಿಡಿಯಲು ಏನಾದರೂ ಕೊಡಬೇಕು. ಏನು ಕೊಡುವುದು? ಆಗ ಅವಳಿಗೆ ಹಲಗೆಯ ನೆನಪಾಯಿತು. ದೊಡ್ಡಪ್ಪನ ಹಳೆಯ ಬಸ್ಸನ್ನು ಗುಜರಿಗೆ ಹಾಕುವಾಗ ಜೊತೆಯವರು ಅದರ ಸೀಟಿನ ಸಾಗುವಾನಿ ಹಲಗೆಯೊಂದನ್ನು ಕಿತ್ತು ಕೊಟ್ಟಿದ್ದರು. ಅದು ಅಡಿಗೆಮನೆಯಲ್ಲಿ ಡಬ್ಬಿಗಳನ್ನು ಹೊತ್ತುಕೊಂಡಿತ್ತು. ಮೊಳೆ ಹೊಡೆದ ತೂತು, ಗೆದ್ದಲು ತಿಂದ ಜಾಗ ಎಲ್ಲ ಬಿಟ್ಟರೆ ಸರಿಯಾಗಿ ಒಂದು ಕವಚಕ್ಕೆ ಆಗುವಷ್ಟು ಮರ ಸಿಕ್ಕಿತು. ಕೆಟ್ಟರೆ ಇನ್ನೊಂದಿಲ್ಲ.

ಕಾಫಿ ಕೊಡುವಾಗ ಏನೂ ಅರಿಯದವಳ ಹಾಗೆ ಕೇಳಿದಳು. "ರೀ, ಬಸ್ ಸ್ಟ್ಯಾಂಡ್ ಬಿಟ್ಟ ಮೇಲೆ ಮೊದಲನೇ ತಿರುವು ಯಾವ ಕಡೆಗೆ?"

"ಯಾಕೆ, ಲೈಸೆನ್ಸ್ ಮಾಡಿಸ್ತೀಯಾ?"

"ಹೇಳಿ ಅಂದ್ರೆ ಹೇಳ್ಬೇಕಪ್ಪ."

"ಸುಣ್ಣದ ಗೂಡಿನ ಹತ್ರ ಬಲಕ್ಕೆ. ಆಮೇಲೆ ಎಡಕ್ಕೆ ಉದ್ದಕ್ಕೆ ಬಳಸ್ಕೊಂಡು ಸೇತುವೆ. ಸೇತುವೆ ದಾಟಿದ ತಕ್ಷಣ ಗೇರು ಇಳಿಸ್ಬೇಕು, ಬಳೆ ಹಾಗೆ ದುಂಡಗಿನ ತಿರುವು ಬರುತ್ತೆ..."

ಹೇಳುತ್ತ ಹೇಳುತ್ತ ಅವನ ಎಡಗೈ ಗಾಳಿಯಲ್ಲೇ ಗೇರು ಹಾಕುತ್ತಿತ್ತು. ದೊಡ್ಡಮ್ಮ ಅದನ್ನೆಲ್ಲ ಕಾಗದದ ಮೇಲೆ ಗೀಚಿಕೊಂಡು, ಕಂಪ್ಯೂಟರಿನಲ್ಲಿ ನುಣುಪು ಮಾಡಿ, ಕೆಳಗೆ ಬಸ್ ಸ್ಟ್ಯಾಂಡಿಗೊಂದು ದೊಡ್ಡ ಚುಕ್ಕೆ, ತುದಿಯಲ್ಲಿ ಬೆಟ್ಟದ ಊರಿಗೊಂದು ಸಣ್ಣ ಚುಕ್ಕೆ ಇಟ್ಟಳು.

ಮರುದಿನ ಕೆತ್ತನೆ. ಕಾಗದ ನಡುಗಿತು, ನಿಂತಿತು. ಮೊನೆ ಹೊರಟಿತು. ಸಾಗುವಾನಿಯ ಎಣ್ಣೆವಾಸನೆ ಕೋಣೆಯೆಲ್ಲ ಹರಡಿತು. ಎಷ್ಟೋ ಜನ ಕೂತು ಎದ್ದು ಕಪ್ಪಾದ ಆ ಹಲಗೆಯ ಒಳಗಿನಿಂದ ಜೇನಿನ ಬಣ್ಣದ ದಾರಿ ಎದ್ದು ಬರುತ್ತಿತ್ತು. ಮೊನೆ ದುಂಡು ತಿರುವಿಗೆ ಬಂದಾಗ ಬಸ್ಸಿನ ಹಾಗೆಯೇ ಒಂದಿಷ್ಟು ನಿಧಾನ ಮಾಡಿ, ಸುತ್ತು ಹಾಕಿ, ಮೇಲೇರಿತು.

ಪಾಲಿಶ್ ಮಾಡಿ, ಫೋನಿಗೆ ತೊಡಿಸಿ, ಬೆನ್ನು ಮೇಲೆ ಮಾಡಿ ಅವನ ಅಂಗೈಯಲ್ಲಿಟ್ಟಳು. "ಬೆರಳಾಡಿಸಿ ನೋಡಿ."

ಅವನು ಮರವನ್ನು ಮೂಸಿದ. "ನನ್ನ ಬಸ್ಸು!" ಎಂದ. ಬೆರಳು ಕೆಳಗಿನ ಚುಕ್ಕೆಯಿಂದ ಹೊರಟು, ಸ್ವಲ್ಪ ಏರಿ, ನಿಂತುಬಿಟ್ಟಿತು.

"ಇದ್ಯಾವ ದಾರಿ?"

"ನಿಮ್ದೇ ಕಣ್ರೀ."

"ಸುಣ್ಣದ ಗೂಡಿನ ಹತ್ರ ಬಲಕ್ಕಲ್ವಾ? ಇದು ಎಡಕ್ಕೆ ಹೋಗುತ್ತೆ. ಪ್ರಯಾಣಿಕರ ಸಮೇತ ನನ್ನನ್ನ ಕಂದಕಕ್ಕೆ ಇಳಿಸಿಬಿಟ್ಟೆಯಲ್ಲೇ."

ಅವನು ನಗಿಸಲು ಹಾಗೆಂದ. ಅವಳಿಗೆ ನಗು ಬರಲಿಲ್ಲ. ಬೆರಳು ಮತ್ತೆ ಆ ಗುಂಡಿ ಒತ್ತಿತ್ತು! ದಾರಿಯಲ್ಲಿ ಬಾಯಿಬಿಟ್ಟು ಓದಲು ಅಕ್ಷರವೇ ಇರಲಿಲ್ಲ, ಹಾಗಾಗಿ ಅವಳಿಗೆ ತಿಳಿಯಲೇ ಇಲ್ಲ. ಹಲಗೆಯೂ ಮುಗಿದಿತ್ತು. ದೊಡ್ಡಮ್ಮ ಒಳಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯಲು ನಿಂತಳು.

ಅಷ್ಟರಲ್ಲಿ ಫೋನು ಬಡಕೊಂಡಿತು. ಮಗಳದ್ದು. ಅಡಿಗೆಮನೆಯಿಂದ ದೊಡ್ಡಮ್ಮ ಕಿವಿಗೊಟ್ಟಳು. ಈ ಸಲ ಅದು ಬಡಕೊಂಡು ಬಡಕೊಂಡು ಸುಮ್ಮನಾಗಲಿಲ್ಲ. ದೊಡ್ಡ ಚುಕ್ಕೆ ತಡವಿ ಕೆಳಗು ಯಾವುದೆಂದು ತಿಳಿದುಕೊಂಡು ಅವನೇ ಎತ್ತಿದ್ದ. ಸ್ಪೀಕರಿಗೆ ಹಾಕಿಕೊಂಡು, ಎಡಗೈಯಲ್ಲಿ ಮುಖದೆದುರು ನೆಟ್ಟಗೆ ಹಿಡಿದು ಮಾತಾಡುತ್ತಿದ್ದ. ಬಲಗೈಯ ಬೆರಳು ಫೋನಿನ ಹಿಂದೆ ತನ್ನಷ್ಟಕ್ಕೆ ಆಡುತ್ತಿತ್ತು.

"ಊಟ ಆಯ್ತಾಪ್ಪ?" ಅಂದಳು ಮಗಳು.

"ಆಯ್ತು ಕಣಮ್ಮ. ಅನ್ನ, ಸಾ..." ಮಾತು ಅರ್ಧಕ್ಕೆ ನಿಂತಿತು. "ತಡಿ, ತಡಿ. ಬಸ್ಸು ಸುಣ್ಣದ ಗೂಡಿನ ಹತ್ರ ಬಲಕ್ಕೆ ತಿರುಗ್ತಾ ಇದೆ."

"ಅಪ್ಪಾ? ಹುಷಾರಾಗಿದ್ದೀರಾ?"

"ಸೇತುವೆ... ಗೇರು ಇಳೀತು... ಏನೇ! ಬಾರೇ ಇಲ್ಲಿ!"

ಒದ್ದೆ ಕೈಯಲ್ಲೇ ದೊಡ್ಡಮ್ಮ ಓಡಿ ಬಂದಳು. ಅವನ ಬೆರಳು ದುಂಡು ತಿರುವನ್ನು ಒಂದಿಷ್ಟೂ ತಪ್ಪದೆ ಬಳಸಿ ಬೆಟ್ಟದ ಊರಿನ ಚುಕ್ಕೆಯ ಮೇಲೆ ಹೋಗಿ ನಿಂತಿತ್ತು. ಅವಳೂ ಫೋನನ್ನು ಮುಖದೆದುರು ಹಿಡಿದು, ಕಣ್ಣು ಮುಚ್ಚಿ, ಹಿಂದಿನಿಂದ ಬೆರಳಾಡಿಸಿದಳು. ಬಲಕ್ಕೆ ಬಲ, ಎಡಕ್ಕೆ ಎಡ. ಕಣ್ಣಿಂದ ನೋಡುವವರು ಬೆನ್ನನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡುತ್ತಾರೆ. ಫೋನು ಹಿಡಿದು ಮಾತಾಡುವವನ ಬೆರಳು ಅದೇ ಬೆನ್ನನ್ನು ಆಚೆಯಿಂದ ಮುಟ್ಟುತ್ತದೆ. ಅಚ್ಚು ಬಟ್ಟೆಗೆ ಒತ್ತಿದಾಗ ಸರಿಯಾಗುವ ಹಾಗೆ ದಾರಿ ಅವನ ಬೆರಳಿಗೆ ಒತ್ತಿ ಸರಿಯಾಗಿತ್ತು.

ದೊಡ್ಡಮ್ಮ ತನ್ನ ನಡುಗುವ ಕೈಯನ್ನು ಹೊಸದಾಗಿ ಕಂಡವಳ ಹಾಗೆ ನೋಡುತ್ತ ನಿಂತಳು.

"ಬೇಕು ಅಂತಾನೇ ಹಾಗೆ ಕೆತ್ತಿದ್ಯಾ?" ದೊಡ್ಡಪ್ಪ ಕೇಳಿದ.

"ನಾನಲ್ಲ ಕಣ್ರೀ. ಈ ಹಾಳು ಬೆರಳು."

"ಅದಕ್ಕಿರೋ ಬುದ್ಧಿ ನಿನಗಿಲ್ಲ ಬಿಡು" ಎಂದು ಅವನು ನಕ್ಕ. ಮತ್ತೊಮ್ಮೆ ಕೆಳಗಿನಿಂದ ಮೇಲಕ್ಕೆ ಬೆಟ್ಟ ಹತ್ತಿದ. ಆಮೇಲೆ ತಾನಾಗಿಯೇ ಕೇಳಿದ. "ನನ್ನ ಚಪ್ಪಲಿ ಎಲ್ಲಿಟ್ಟಿದ್ದೀಯೇ? ನಾಳೆ ಬೆಳಗಿನ ಬಸ್ಸಿಗೆ ಹೋಗೋಣ. ಆ ಹೊಸ ಡ್ರೈವರ್ ದುಂಡು ತಿರುವಲ್ಲಿ ಗೇರು ಇಳಿಸ್ತಾನೋ ಇಲ್ವೋ ನೋಡ್ಬೇಕು."

ಚಪ್ಪಲಿಯ ಮೇಲೆ ಧೂಳು ಕೂತಿತ್ತು. ದೊಡ್ಡಮ್ಮ ಅದನ್ನು ತನ್ನ ಸೆರಗಿನಿಂದಲೇ ಒರೆಸಿದಳು.

ನಾಳೆ ಅವರಿಬ್ಬರೂ ಬೆಟ್ಟಕ್ಕೆ ಹೋಗುತ್ತಾರೆ. ಬೀದಿಯ ಟೈಲರೊಬ್ಬನ ಫೋನ್ ಕವಚದ ಮೇಲೆ ಕತ್ತರಿಯ ಚಿತ್ರ ಕೆತ್ತುವ ಕೆಲಸವನ್ನು ದೊಡ್ಡಮ್ಮ ನನಗೆ ಬಿಟ್ಟಿದ್ದಾಳೆ. ನನ್ನ ಕೈ ನಡುಗುವುದಿಲ್ಲ, ಆದ್ದರಿಂದ ಮೊನೆಯ ಕೆಳಗೆ ಕಾಗದ ಇಟ್ಟು ಎಲ್ಲರ ಹಾಗೆ ಎಳೆದು ನೋಡುತ್ತೇನೆ.